ಏಣಿ ಹತ್ತೋದು ಕಲಿಸೋಕೆ ಬಂದವರಿಗೆ

ಹೋದ ಭಾನುವಾರ ದಾವಣಗೆರೆ ಪಿ.ಬಿ. ರಸ್ತೆಯ ಒಂದು ಹೋಟೆಲ್ ಹಾಲ್‌ನಲ್ಲಿ ಸಾವಿರದ ಐನೂರು ರೂಪಾಯಿ ಕೊಟ್ಟು ಕೂತು ಬಂದೆ. ಉದ್ಯೋಗಸ್ಥರಿಗೆ ನಾಯಕತ್ವ ತರಬೇತಿ ಅಂತೆ. ಬೆಂಗಳೂರಿಂದ ಬಂದಿದ್ದ ಟ್ರೈನರ್ ಪರದೆ ಮೇಲೆ ಒಂದು ಏಣಿ ತೋರಿಸಿದ. ‘ನಿಮ್ಮನ್ನ ಯಾರೂ ಕೆಳಗೆ ಎಳೀತಿಲ್ಲ, ನಿಮ್ಮ ಮನಸ್ಥಿತಿನೇ ಎಳೀತಿದೆ’ ಅಂದ. ಚಪ್ಪಾಳೆ ಬಿತ್ತು. ನಾನೂ ಹೊಡೆದೆ, ಸುಳ್ಳು ಹೇಳಲ್ಲ. ಪಕ್ಕದವರು ಹೊಡೆಯುವಾಗ ಕೈ ಕಟ್ಟಿ ಕೂರೋಕೆ ಧೈರ್ಯ ಬೇಕು.

ಮಧ್ಯಾಹ್ನ ಕೈ ತೊಳೆಯೋಕೆ ಹೋದಾಗ ಅಲ್ಲಿ ನೆಲ ಒರೆಸ್ತಿದ್ದ ಹೆಂಗಸು ನನ್ನ ಗುರುತು ಹಿಡಿದಳು. ನಮ್ಮ ಕೇರಿಯವಳು. ‘ಏನಪ್ಪಾ, ದೊಡ್ಡೋರ ಮೀಟಿಂಗಿಗೆ ಬಂದೀಯಲ್ಲ’ ಅಂದಳು. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಮೂರು ಗುತ್ತಿಗೆದಾರರು ಬದಲಾದರು, ಅವಳ ಪೊರಕೆ ಬದಲಾಗಲಿಲ್ಲ. ಅವಳ ಮನಸ್ಥಿತಿಯಲ್ಲಿ ಏನು ದೋಷ ಇತ್ತು ಅಂತ ಟ್ರೈನರ್ ಸಾಹೇಬರನ್ನ ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಅವನು ಹೇಳಿದ ಎರಡನೇ ಪಾಠ ನೆಟ್‌ವರ್ಕಿಂಗ್. ಮೇಲಿನವರ ಜೊತೆ ಒಡನಾಟ ಬೆಳೆಸಿಕೊಳ್ಳಿ, ಅವರ ಮನೆ ಕಾರ್ಯಕ್ರಮಕ್ಕೆ ಹೋಗಿ, ಜೊತೆಗೆ ಊಟ ಮಾಡಿ. ಅಣ್ಣಾ, ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿದೆ. ಜಾತಿ ಅಂತೀವಿ. ನಾನು ಆರು ವರ್ಷ ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿದ್ದೆ. ವಸೂಲಿಯಲ್ಲಿ ಎರಡು ವರ್ಷ ನನ್ನದೇ ಮೊದಲ ಸ್ಥಾನ. ಮ್ಯಾನೇಜರ್ ಮನೆ ಗೃಹಪ್ರವೇಶಕ್ಕೆ ಇಡೀ ಬ್ರಾಂಚ್ ಹೋಯ್ತು, ನನಗೆ ಮಾತ್ರ ಆ ದಿನ ಹರಿಹರದಲ್ಲಿ ‘ಅರ್ಜೆಂಟ್’ ಫೀಲ್ಡ್ ಕೆಲಸ. ತುಂಗಭದ್ರಾ ಸೇತುವೆ ಮೇಲೆ ಬೈಕ್ ನಿಲ್ಲಿಸಿ ವಾಟ್ಸಾಪ್ ಗ್ರೂಪಿನಲ್ಲಿ ಊಟದ ಫೋಟೋ ನೋಡಿದೆ. ಮುಂದಿನ ತಿಂಗಳು ಟೀಮ್ ಲೀಡರ್ ಆದವನು ನಾನು ಕೆಲಸ ಕಲಿಸಿದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ‘ನಿನಗೆ ಲೀಡರ್‌ಶಿಪ್ ಕ್ವಾಲಿಟಿ ಕಮ್ಮಿ’ ಅಂತ ಬರೆದ ಆ ಹಾಳೆ ಮೇಲೆ ಇದೆ.

ಅರ್ಹತೆ ಬೆಳೆಸಿಕೊಂಡರೆ ಎಲ್ಲ ಸರಿಹೋಗುತ್ತೆ ಅನ್ನೋರಿಗೆ 1917ರ ಬರೋಡ ನೆನಪಿಸಬೇಕು. ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡ ಸಂಸ್ಥಾನದಲ್ಲಿ ದೊಡ್ಡ ಹುದ್ದೆಗೆ ಸೇರಿದರು. ಜವಾನರು ಮೈಲಿಗೆ ಆದೀತು ಅಂತ ಫೈಲುಗಳನ್ನ ದೂರದಿಂದ ಮೇಜಿಗೆ ಎಸೀತಿದ್ದರು. ಇರೋಕೆ ರೂಮು ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ತಂಗಿದ್ದಾಗ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅವರ ರೆಸ್ಯೂಮೆಯಲ್ಲಿ ಏನು ಕಡಿಮೆ ಇತ್ತು? ಯಾವ ‘ಸಾಫ್ಟ್ ಸ್ಕಿಲ್’ ಕಲಿತಿದ್ದರೆ ಆ ಫೈಲು ಕೈಗೆ ಬರ್ತಿತ್ತು?

‘ಅದು ಹಳೇ ಕತೆ ಬಿಡ್ರಿ’ ಅಂತೀರಾ? ಸರಿ, ಹೊಸದೇ ಹೇಳ್ತೀನಿ.

ಕರ್ನಾಟಕದಲ್ಲಿ ಬಡ್ತಿ ಮೀಸಲಾತಿ ಬಂದದ್ದು 1978ರ ಏಪ್ರಿಲ್ 27ರ ಆದೇಶದಿಂದ. ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3. ಜಗಳ ಬಂದದ್ದು ಜ್ಯೇಷ್ಠತೆಯಲ್ಲಿ. ರೋಸ್ಟರ್‌ನಲ್ಲಿ ನಮ್ಮವನು ಮೊದಲು ಬಡ್ತಿ ಪಡೆದು ಮೇಲಿನ ಹುದ್ದೆಗೆ ಹೋದ ಅಂತಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಅದೇ ಹುದ್ದೆಗೆ ಬಂದವನು, ‘ಕೆಳಗೆ ಇದ್ದಾಗ ನಾನೇ ಸೀನಿಯರ್’ ಅಂತ ಇವನ ಮುಂದೆ ಬಂದು ನಿಲ್ಲಬಹುದಾ? ನಿಲ್ಲದಂತೆ ಮಾಡಲು 2001ರಲ್ಲಿ ಸಂವಿಧಾನದ 85ನೇ ತಿದ್ದುಪಡಿ ಬಂತು, 2002ರಲ್ಲಿ ರಾಜ್ಯದ ಕಾಯ್ದೆ ಬಂತು. 2017ರ ಫೆಬ್ರುವರಿ 9ರಂದು ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮುಖ್ಯ ಕಲಮುಗಳನ್ನ ರದ್ದು ಮಾಡಿತು. ಪ್ರಾತಿನಿಧ್ಯ ಕಡಿಮೆ ಇದೆ ಅನ್ನೋದಕ್ಕೆ ಅಂಕಿಅಂಶ ಎಲ್ಲಿ ಅಂತ ಕೇಳಿತು.

ಆಮೇಲೆ ಏನಾಯ್ತು ಗೊತ್ತಲ್ಲ. ಜ್ಯೇಷ್ಠತಾ ಪಟ್ಟಿಗಳು ತಿದ್ದಿ ಬಂದವು, ಜೊತೆಗೆ ಹಿಂಬಡ್ತಿ. ಯಾವ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲೂ ಈ ಪದಕ್ಕೆ ಒಂದು ಅಧ್ಯಾಯ ಇಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಹಿರಿಯರು ಇಪ್ಪತ್ತಾರು ವರ್ಷ ಸರ್ವಿಸ್ ಮಾಡಿದವರು. ಒಂದು ದಿನ ತಮ್ಮ ಕೈಕೆಳಗೆ ಇದ್ದವನಿಗೆ ‘ಸರ್’ ಅನ್ನಬೇಕಾಗಿ ಬಂತು. ತಪ್ಪು ಮಾಡಿರಲಿಲ್ಲ, ಲಂಚ ತಿಂದಿರಲಿಲ್ಲ, ಒಂದು ನೋಟಿಸೂ ಇರಲಿಲ್ಲ. ಬೋರ್ಡಿನ ಮೇಲಿನ ಹೆಸರು ಅಳಿಸೋಕೆ ಬಂದ ಪೇಂಟರ್ ಕೂಡ ನಮ್ಮ ಹುಡುಗನೇ. ಅವನು ಎರಡು ದಿನ ತಪ್ಪಿಸಿಕೊಂಡು ಓಡಾಡಿದ. ಹಿರಿಯರು ಮಗಳ ಮದುವೆ ಪತ್ರಿಕೆಯಲ್ಲಿ ಹುದ್ದೆ ಹಾಕಿಸಲಿಲ್ಲ, ಬರೀ ಹೆಸರು.

ಸುಮ್ಮನೆ ಕೂತಿದ್ದರೆ ಅಲ್ಲಿಗೇ ಮುಗೀತಿತ್ತು. ನೌಕರರು, ಸಂಘಟನೆಗಳು ಬೀದಿಗೆ ಬಂದವು. ಸರ್ಕಾರ ರತ್ನಪ್ರಭಾ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಇಲಾಖೆ ಇಲಾಖೆಯಿಂದ ಲೆಕ್ಕ ಬಂತು. ಎ, ಬಿ, ಸಿ ಗುಂಪುಗಳಲ್ಲಿ ಪರಿಶಿಷ್ಟ ಜಾತಿಯವರು ಶೇ. 15ರ ಕೆಳಗೆ, ಅದು ತುಂಬಿರೋದು ಡಿ ಗುಂಪಿನಲ್ಲಿ ಮಾತ್ರ. ಗುಡಿಸೋಕೆ, ಫೈಲು ಹೊರೋಕೆ ನಾವು ಭರ್ತಿ! ಆ ವರದಿ ಆಧಾರದ ಮೇಲೆ ಹೊಸ ಕಾಯ್ದೆ ಆಯ್ತು, 2018ರ ಜೂನ್‌ನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. 2019ರ ಮೇ 10ರಂದು ಅದೇ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿಯಿತು. ಎಲ್ಲರನ್ನೂ ಒಳಗೊಂಡರೇ ಆಡಳಿತ ದಕ್ಷ ಅನ್ನೋ ಅರ್ಥದ ಮಾತನ್ನ ನ್ಯಾಯಮೂರ್ತಿಗಳೇ ಬರೆದರು. ‘ಮೀಸಲಾತಿಯಿಂದ ದಕ್ಷತೆ ಹಾಳು’ ಅಂತ ಆಫೀಸ್ ಕ್ಯಾಂಟೀನಿನಲ್ಲಿ ಕೊರೆಯೋರು ಆ ತೀರ್ಪು ಒಮ್ಮೆ ಓದಲಿ. ಓದಲ್ಲ, ಗೊತ್ತು.

ಇನ್ನು ನಾಯಕತ್ವ. ಸಾವಿರದ ಐನೂರು ಕೊಟ್ಟು ಕಲಿಯೋ ಅಗತ್ಯ ಹರಿಹರದವರಿಗೆ ಇದೆಯೇನ್ರಿ? 1938ರಲ್ಲಿ ಇದೇ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಸಂಬಳ, ಪಿಂಚಣಿ, ಮರ್ಯಾದೆ ಎಲ್ಲ ಇದ್ದ ಕೆಲಸ. ಪಾಠ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಅವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಹಾಸ್ಟೆಲ್ ಹುಡುಗರು, ಗುಮಾಸ್ತರು, ಮೇಷ್ಟ್ರುಗಳು ರಾತ್ರಿ ಗೋಡೆ ಬರಹ ಬರೆದು ಬೆಳಿಗ್ಗೆ ಡ್ಯೂಟಿಗೆ ಹೋದರು. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋಗಿ ಪೆಟ್ಟು ತಿಂದವರು ಈ ಸಂಘಟನೆಯವರೇ. ಯಾರೂ ಅವರಿಗೆ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ನಮ್ಮೋರಿಗೂ ಒಂದು ಮಾತು ಇದೆ, ಬೇಜಾರಾದರೂ ಪರವಾಗಿಲ್ಲ. ಬಡ್ತಿ ಸಿಕ್ಕ ಮೇಲೆ ವಿದ್ಯಾನಗರದಲ್ಲಿ ಮನೆ ಕಟ್ಟಿ, ಏಪ್ರಿಲ್ 14ಕ್ಕೆ ಮಾತ್ರ ಕೇರಿಗೆ ಬಂದು ಸೆಲ್ಫಿ ತೆಗೆಸಿಕೊಳ್ಳೋ ಸಾಹೇಬರೇ, 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ನೊಂದು ಮಾತಾಡಿದ್ದು ನಿಮ್ಮ ಬಗ್ಗೆಯೇ. ಹಿಂಬಡ್ತಿ ಆದಾಗ ನಿಮ್ಮ ಪರವಾಗಿ ಬೀದಿಗೆ ಬಂದವರಲ್ಲಿ ಬಡ್ತಿಯ ಮುಖವನ್ನೇ ನೋಡದ ಗುತ್ತಿಗೆ ಕಾರ್ಮಿಕರೂ ಇದ್ದರು. ಅವರ ಹುದ್ದೆ ಖಾಯಂ ಮಾಡಿ ಅಂತ ಒಂದು ಅರ್ಜಿಗೆ ಸಹಿ ಕೇಳಿದರೆ ‘ನಾನು ಸರ್ವಿಸ್‌ನಲ್ಲಿದ್ದೀನಿ, ತೊಂದರೆ ಆಗುತ್ತೆ’ ಅಂತೀರಿ. ಹೊರಗುತ್ತಿಗೆಗೆ ಏಣಿಯೇ ಇಲ್ಲ, ರೋಸ್ಟರ್ ಹಾಕೋದು ಯಾವ ಮೆಟ್ಟಿಲಿಗೆ? ಇವತ್ತು ಡಿ ಗುಂಪು ಹೊರಗುತ್ತಿಗೆ ಆಯ್ತು. ನಾಳೆ ಸಿ ಗುಂಪು ಆಗುತ್ತೆ. ಆಗ ನಿಮ್ಮ ಮಕ್ಕಳು ಯಾವ ಲಿಸ್ಟ್‌ನಲ್ಲಿ ಹೆಸರು ಹುಡುಕ್ತಾರೆ?

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹರಿಹರದ ಹತ್ತಿರ ಹನಗವಾಡಿಯ ಮೈತ್ರಿವನದಲ್ಲಿ, ಕೃಷ್ಣಪ್ಪನವರ ಸಮಾಧಿ ಪಕ್ಕದ ಮರದ ಕೆಳಗೆ ಕೂರ್ತೀವಿ. ಜ್ಯೇಷ್ಠತಾ ಪಟ್ಟಿ ಓದೋದು ಹೇಗೆ, ತಪ್ಪಿದ್ದರೆ ಎಷ್ಟು ದಿನದೊಳಗೆ ಆಕ್ಷೇಪಣೆ ಹಾಕಬೇಕು, ಆರ್‌ಟಿಐ ಅರ್ಜಿಯಲ್ಲಿ ರೋಸ್ಟರ್ ರಿಜಿಸ್ಟರ್ ಕೇಳೋದು ಹೇಗೆ, ಗುತ್ತಿಗೆದಾರ ಪಿಎಫ್ ಕಟ್ಟಿದಾನೋ ಇಲ್ಲವೋ ಮೊಬೈಲಲ್ಲಿ ನೋಡೋದು ಹೇಗೆ, ಇಷ್ಟು ವಿಷಯ. ಆ ಹಿರಿಯರು ಬರ್ತೀನಿ ಅಂದಿದ್ದಾರೆ. ಹೋಟೆಲಿನ ಅಕ್ಕನೂ ಬರ್ತಾಳೆ, ಅವತ್ತು ರಜೆ ಹಾಕಿದರೆ ದಿನದ ಕೂಲಿ ಹೋಗುತ್ತೆ, ಅದನ್ನ ನಾವು ನಾಲ್ಕು ಜನ ಹಾಕ್ತಿದ್ದೀವಿ. ಫೀಸು ಇಲ್ಲ. ಮಂಡಕ್ಕಿ, ಮಿರ್ಚಿ, ಚಹಾ ಇರುತ್ತೆ. ನಿಮ್ಮ ಇಲಾಖೆಯ ಪಟ್ಟಿಯ ಜೆರಾಕ್ಸ್ ಮರೀದೆ ತನ್ನಿ.

ಜೈ ಭೀಮ್.