ರಿಲ್ಯಾಕ್ಸ್ ಆಗಲಿಕ್ಕೆ ಮುನ್ನಾರಿಗೇ ಹೋಗಬೇಕೇ?

ಕ್ರಿಸ್‌ಮಸ್ ರಜೆ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಒಂದೇ ಚರ್ಚೆ. ಈ ಸಲ ಟೂರ್ ಎಲ್ಲಿಗೆ? ಮುನ್ನಾರ್, ಊಟಿ, ಗೋವಾ... ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗುಂಪು ರೆಡಿ, ಸಂಜೆಯೊಳಗೆ ಟ್ರಾವೆಲ್ಸಿನವರ ರೇಟು, ಮರುದಿನ ತಲೆಗೆಷ್ಟು ಎಂಬ ಲೆಕ್ಕ. ಯಾಕೆ ಹೋಗುವುದು ಎಂದು ಕೇಳಿದರೆ ಉತ್ತರವೂ ಒಂದೇ: "ಸ್ವಲ್ಪ ರಿಲ್ಯಾಕ್ಸ್ ಆಗ್ಬೇಕು ಮಾರಾಯ್ರೆ!"

ಆಗಲಿ, ಯಾರು ಬೇಡ ಎಂದರು? ಕಲೋತ್ಸವ, ಪರೀಕ್ಷೆ, ಪೇಪರ್ ತಿದ್ದುವುದು ಎಲ್ಲ ಮುಗಿಸಿದ ಮೇಲೆ ಸ್ನೇಹಿತರ ಜೊತೆ ಎರಡು ದಿನ ಹಾಯಾಗಿ ಇರುವುದು ಮೇಷ್ಟ್ರುಗಳ ಹಕ್ಕು. ನಮ್ಮ ತಕರಾರು ಪ್ಲಾನಿನ ಬಗ್ಗೆ. ಕಾಸರಗೋಡಿನಿಂದ ಮುನ್ನಾರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಎರಡು ರಾತ್ರಿ ಬಸ್ಸಿನಲ್ಲಿ ತೂಕಡಿಸಿ, ಹಗಲಲ್ಲಿ ಆರು 'ಪಾಯಿಂಟು'ಗಳಿಗೆ ಓಡಿ, ಪ್ರತಿಯೊಂದರ ಎದುರು ಫೋಟೋ ತೆಗೆದು, ಸೊಂಟ ಹಿಡಿದುಕೊಂಡು ಮನೆಗೆ ಬರುವುದು ಯಾವ ಸೀಮೆಯ ವಿಶ್ರಾಂತಿ ಸ್ವಾಮೀ? ಶಾಲೆಯ ಟೈಂಟೇಬಲ್ಲಾದರೂ ವಾಸಿ, ಅದರಲ್ಲಿ ಇಂಟರ್‌ವಲ್ ಇದೆ!

ಇನ್ನು ದುಡ್ಡಿನ ವಿಷಯ. ನಮ್ಮ ಶಾಲೆಗಳಲ್ಲಿ ದಿನವೇತನದ ಮೇಲೆ ಕಲಿಸುವ ಟೀಚರುಗಳು ಇದ್ದಾರೆ. ಕೆಲಸ ಮಾಡಿದ ದಿನಕ್ಕೆ ಮಾತ್ರ ಸಂಬಳ, ರಜೆಗೆ ಇಲ್ಲ. ತಲೆಗೆ ಐದಾರು ಸಾವಿರದ ಪ್ಲಾನ್ ಹಾಕಿದಾಗ ಅವರು ಏನು ಹೇಳುತ್ತಾರೆ? "ನಮ್ಮಲ್ಲಿ ಪೂಜೆ ಉಂಟು, ನೀವು ಹೋಗಿ ಬನ್ನಿ." ಆ ಪೂಜೆ ಯಾವುದೆಂದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುವವರನ್ನು ಎರಡು ಪಂಕ್ತಿ ಮಾಡುವ ಪ್ರವಾಸಕ್ಕೆ ಸ್ನೇಹಿತರ ಪ್ರವಾಸ ಎಂಬ ಹೆಸರು ಯಾಕೆ?

ಹತ್ತಿರ ಎಲ್ಲಾದರೂ ಹೋಗುವ ಎಂದರೆ ತಕ್ಷಣ ಬರುವ ಮಾತು: "ನಮ್ಮಲ್ಲಿ ನೋಡಲಿಕ್ಕೆ ಎಂಥ ಉಂಟು?" ಎಂಥ ಉಂಟು ಎಂದು ಕೇಳುತ್ತೀರಾ? ಬೇಕಲ ಉಂಟು. ನಲವತ್ತು ಎಕರೆಯ ಆ ಕೋಟೆಯನ್ನು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಆದರೆ ಬೇಕಲ ಎಂದರೆ ನಮ್ಮವರಿಗೇ ಮೊದಲು ನೆನಪಾಗುವುದು 1995ರ 'ಬಾಂಬೆ' ಸಿನಿಮಾದ ಹಾಡು! ಕುಂಬಳೆಯ ಹತ್ತಿರ ಅನಂತಪುರ ಉಂಟು, ಮುರಕಲ್ಲಿನ ಬಯಲಿನ ನಡುವೆ ಸರೋವರ, ಸರೋವರದ ನಡುವೆ ದೇವಸ್ಥಾನ. ಪೊಸಡಿಗುಂಪೆ ಉಂಟು, ಹತ್ತಿ ಕೂತರೆ ಗಾಳಿಯೇ ಗಾಳಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, 'ಗಿಳಿವಿಂಡು' ಉಂಟು. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಕವಿ ಬಾಳಿದ ಜಾಗ ಅದು.

ಇದು ಬರೀ ಖರ್ಚು ಉಳಿಸುವ ಉಪಾಯವಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಇಲ್ಲಿ ಕನ್ನಡದ ಬೇರು ಉಂಟು ಎಂದು ಅಂದಿನಿಂದಲೂ ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಹಾಗೆ ಹೇಳುವವರೇ ರಜೆ ಬಂದ ಕೂಡಲೇ ಇಲ್ಲಿ ನೋಡಲಿಕ್ಕೆ ಏನೂ ಇಲ್ಲ ಎಂದರೆ ಮಕ್ಕಳು ಯಾವುದನ್ನು ನಂಬಬೇಕು? ಗೆಳೆಯರೊಡನೆ ಬೇಕಲದ ಗೋಡೆಯ ಮೇಲೆ ಕೂತು ಒಂದು ಸಂಜೆ ಹರಟಿದ ಮೇಷ್ಟ್ರು ಕೆಳದಿಯ ಪಾಠ ಮಾಡುವ ರೀತಿಯೇ ಬೇರೆ.

ಹತ್ತಿರ ಇದ್ದರೆ ಪೋಷಕರ ಫೋನು, ಹೆಡ್ಮಾಷ್ಟ್ರ ಫೋನು ಬರುತ್ತದೆ, ಮನಸ್ಸಿಗೆ ಬಿಡುಗಡೆ ಎಲ್ಲಿ ಎಂದು ಕೆಲವರ ವಾದ. ಮುನ್ನಾರಿನಲ್ಲಿ ಫೋನ್ ರಿಂಗ್ ಆಗುವುದಿಲ್ಲವೇ? ಆಫ್ ಮಾಡುವ ಗುಂಡಿ ಎಲ್ಲ ಊರಿನಲ್ಲೂ ಒಂದೇ ಕಡೆ ಇರುವುದು.

ಹಾಗಾಗಿ ನಮ್ಮ ಸೂಚನೆ ಸರಳ. ದಿನಕ್ಕೆ ಒಂದೇ ಜಾಗ. ಮಂಜೇಶ್ವರ, ಕುಂಬಳೆ, ಬೇಕಲ ಮೂರಕ್ಕೂ ರೈಲ್ವೆ ಸ್ಟೇಷನ್ ಉಂಟು, ಲೋಕಲ್ ರೈಲು ಸಾಕು. ಮಧ್ಯಾಹ್ನದ ಊಟ ಆ ಊರಿನ ಸ್ನೇಹಿತರೊಬ್ಬರ ಮನೆಯಲ್ಲಿ, ಸಾಮಾನಿನ ಖರ್ಚು ಎಲ್ಲರದ್ದು, ಅಡುಗೆಗೆ ಗಂಡಸರೂ ಕೈ ಹಾಕಬೇಕು. ಊಟದ ಮೇಲೆ ಬೇಕಾದವರು ಮಲಗಲಿ, ಬೇಕಾದವರು ಹರಟಲಿ. ಪ್ಲಾನ್ ಹಾಕುವವರು ಮೊದಲು ಕೇಳಬೇಕಾದ ಪ್ರಶ್ನೆ "ಎಲ್ಲಿಗೆ?" ಅಲ್ಲ, "ಎಲ್ಲರಿಗೂ ಬರಲಿಕ್ಕೆ ಆಗ್ತದಾ?" ಎಂಬುದು.

ಮುನ್ನಾರ್ ಎಲ್ಲಿಗೂ ಓಡಿಹೋಗುವುದಿಲ್ಲ. ಈ ರಜೆಯಲ್ಲಿ ಪೂಜೆ ಇದೆ ಎನ್ನುವ ಟೀಚರನ್ನೂ ಕರೆದುಕೊಂಡು ಅನಂತಪುರಕ್ಕೆ ಹೋಗಿ ಬನ್ನಿ. ಆಮೇಲೆ ಹೇಳಿ, ರಿಲ್ಯಾಕ್ಸ್ ಆಯಿತೋ ಇಲ್ಲವೋ!