ಆ ಘೋಷಣೆಗೆ ನಾನು ಯಾಕೆ ಕೈ ಎತ್ತಲಿಲ್ಲ



ಉದ್ದ ಬರೀತಿದೀನಿ, ಬೈಕೋಬೇಡಿ. ಮೂರು ದಿನದಿಂದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಮೇಲೆ ನಡೀತಿರೋ ಪಂಚಾಯ್ತಿಗೆ ಅಲ್ಲೇ ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲ್ಲ.

ವಿಷಯ ಇಷ್ಟು. ಭಾನುವಾರದ ಧರಣಿಯಲ್ಲಿ ಬೇರೆಲ್ಲ ಘೋಷಣೆಗೂ ಗಂಟಲು ಹರಿಯೋ ಹಾಗೆ ಕೂಗಿದೋನು, "ಗಲ್ಲಿಗೇರಿಸಿ, ಗಲ್ಲಿಗೇರಿಸಿ" ಅಂದಾಗ ಸುಮ್ಮನೆ ನಿಂತೆ. ಸತ್ತ ಹುಡುಗಿಯ ತಾಯಿ ಎದುರಿಗೇ ಕೂತಿದ್ದರು. ಪಕ್ಕದಲ್ಲಿದ್ದ ತಮ್ಮ ಒಬ್ಬ ಅಲ್ಲೇ ಕೇಳಿದ: "ಏನಣ್ಣಾ, ಕೈ ಏಳ್ತಿಲ್ಲ?" ರಾತ್ರಿ ನನಗಿಂತ ಹಿರಿಯರೊಬ್ಬರು ಗ್ರೂಪಿನಲ್ಲಿ ಬರೆದರು: ಗಲ್ಲು ಬೇಡ ಅನ್ನೋದು ಫಾರಿನ್ ಮಾತು, ಹೊಟ್ಟೆ ತುಂಬಿದೋರ ಮಾತು, ನಮ್ಮ ಹೆಣ್ಣುಮಕ್ಕಳ ಹೆಣದ ಮುಂದೆ ಅದನ್ನ ಆಡಬೇಡ.

ಹೌದು ಸಾರ್, ಫಾರಿನ್‌ನಿಂದಲೇ ಕಲಿತೆ. ಆದ್ರೆ ಹೊಟ್ಟೆ ತುಂಬಿದೋರಿಂದ ಅಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಅನ್ನೋ ಊರಿನ ಒಬ್ಬ ಕಪ್ಪು ಹೆಣ್ಣುಮಗಳಿಂದ. ಹೆಸರು ಮಾರ್ಟಿನಾ ಕೊರಿಯಾ. ಟ್ರಾಯ್ ಡೇವಿಸ್‌ನ ಅಕ್ಕ. ನಾನೂ ಅಕ್ಕ ಅಂತಲೇ ಕರೀತೀನಿ.

1989ರ ಆಗಸ್ಟ್ 19, ರಾತ್ರಿ ಹೊತ್ತು. ಒಂದು ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಮನೆಮಠ ಇಲ್ಲದ ಒಬ್ಬ ಮನುಷ್ಯನಿಗೆ ಹೊಡೀತಿದ್ರು. ಅಲ್ಲಿ ಕಾವಲಿಗಿದ್ದ ಮಾರ್ಕ್ ಮ್ಯಾಕ್‌ಫೇಲ್ ಅನ್ನೋ 27 ವರ್ಷದ ಪೊಲೀಸ್ ಬಿಡಿಸೋಕೆ ಓಡಿಬಂದ. ಅವನಿಗೆ ಗುಂಡು ಹೊಡೆದು ಕೊಂದರು. ಬಡವನನ್ನ ಉಳಿಸೋಕೆ ಬಂದು ಸತ್ತೋನು ಆತ, ಇದನ್ನ ಮೊದಲೇ ಹೇಳಿಬಿಡ್ತೀನಿ. ಕೊಂದೋನು ಟ್ರಾಯ್ ಅಂತ 1991ರಲ್ಲಿ ತೀರ್ಪಾಯ್ತು, ಮರಣದಂಡನೆ ಆಯ್ತು. ಪಿಸ್ತೂಲು ಕೊನೆಗೂ ಸಿಗಲಿಲ್ಲ. ಕೇಸು ನಿಂತಿದ್ದು ಬಹುತೇಕ ಸಾಕ್ಷಿಗಳ ಬಾಯಿಮಾತಿನ ಮೇಲೆ. ಪೊಲೀಸರಲ್ಲದ ಒಂಬತ್ತು ಸಾಕ್ಷಿಗಳಲ್ಲಿ ಏಳು ಜನ ಆಮೇಲೆ ಮಾತು ವಾಪಸ್ ತಗೊಂಡ್ರು, ಇಲ್ಲಾ ಬದಲಾಯಿಸಿದ್ರು. ಪೊಲೀಸರು ಒತ್ತಾಯ ಮಾಡಿ ಹೇಳಿಸಿದ್ರು ಅಂದರು ಕೆಲವರು.

ಬಿಳಿಯರೇ ಕೂತು ತೀರ್ಪು ಕೊಟ್ಟಿರಬೇಕು ಅಂತ ಅನ್ಕೋಬೇಡಿ. ಆ ಜ್ಯೂರಿಯ ಹನ್ನೆರಡು ಜನರಲ್ಲಿ ಏಳು ಜನ ಕಪ್ಪು ಜನ. ನಮ್ಮೋರು ಒಳಗೆ ಕೂತ ಮಾತ್ರಕ್ಕೆ ಯಂತ್ರ ನಮ್ಮದಾಗಲ್ಲ. ಪೊಲೀಸು ಮೊದಲ ದಿನ ಬರೆದ ಕಾಗದ ತಪ್ಪಾಗಿದ್ರೆ ಒಳಗೆ ಕೂತಿರೋನು ಏನು ಮಾಡ್ತಾನೆ?

ನಾನು ಗುಮಾಸ್ತ. ಕಡತ ಹೇಗೆ ನಡೆಯುತ್ತೆ ಅಂತ ಇಪ್ಪತ್ತು ವರ್ಷದಿಂದ ನೋಡಿದೀನಿ. ಕೆಳಗಿನ ಟೇಬಲ್‌ನಲ್ಲಿ ಒಂದು ತಪ್ಪು ಷರಾ ಬಿತ್ತು ಅನ್ನಿ, ಮೇಲಿನ ಟೇಬಲ್‌ನೋರು ಅದನ್ನೇ ಆಧಾರ ಮಾಡ್ಕೊಂಡು ಸಹಿ ಹಾಕ್ತಾ ಹೋಗ್ತಾರೆ. ಹತ್ತು ಸಹಿ ಬಿದ್ದ ಮೇಲೆ ತಪ್ಪು ಅಂತ ಹೇಳೋನೇ ತಪ್ಪಿತಸ್ಥ. ಟ್ರಾಯ್ ಕೇಸಲ್ಲೂ ಇದೇ. ಅಮೆರಿಕದಲ್ಲಿ 1996ರಲ್ಲಿ ಬಂದ ಒಂದು ಕೇಂದ್ರ ಕಾನೂನು, ರಾಜ್ಯ ಕೋರ್ಟಿನ ಶಿಕ್ಷೆಯನ್ನ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸೋ ದಾರಿಯನ್ನ ತುಂಬಾ ಕಿರಿದು ಮಾಡಿತ್ತು. ಕೊನೆಗೆ 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೊಸ ಸಾಕ್ಷ್ಯ ಕೇಳಿ ಅಂತ ಆದೇಶ ಮಾಡ್ತು. ಕೇಳಿದ ನ್ಯಾಯಾಧೀಶರು 2010ರಲ್ಲಿ ಸಾಲದು ಅಂದುಬಿಟ್ರು. ಅಷ್ಟೊತ್ತಿಗೆ ಲೆಕ್ಕವೇ ತಿರುಗಿತ್ತು. ಅಪರಾಧಿ ಅಂತ ಸರ್ಕಾರ ಸಾಬೀತು ಮಾಡೋ ಕಾಲ ಮುಗಿದಿತ್ತು, ನಿರಪರಾಧಿ ಅಂತ ಇವನೇ ಸಾಬೀತು ಮಾಡ್ಬೇಕಿತ್ತು.

ಈ ಇಪ್ಪತ್ತು ವರ್ಷ ಅಕ್ಕ ಏನು ಮಾಡಿದ್ರು ನೋಡಿ. ಅವರು ಸೇನೆಯಲ್ಲಿ ನರ್ಸ್ ಆಗಿದ್ದೋರು, ಗಲ್ಫ್ ಯುದ್ಧದಲ್ಲಿ ದುಡಿದೋರು. 2001ರಲ್ಲಿ ಸ್ತನ ಕ್ಯಾನ್ಸರ್ ಬಂತು, ಆರು ತಿಂಗಳು ಅಂದ್ರು ಡಾಕ್ಟರು. ಹತ್ತು ವರ್ಷ ಬದುಕಿದ್ರು. ಒಂದು ಕಡೆ ಕೀಮೋ, ಇನ್ನೊಂದು ಕಡೆ ತಮ್ಮನ ಜೈಲು, ಮನೇಲಿ ಸಣ್ಣ ಮಗ. ಇದರ ಮಧ್ಯೆ ಆಮ್ನೆಸ್ಟಿ ಜೊತೆ ಸೇರ್ಕೊಂಡು ಅಮೆರಿಕ ಸುತ್ತಿದ್ರು, ಯೂರೋಪಿಗೂ ಹೋಗಿ ಮಾತಾಡಿದ್ರು. ಯಾರಿಗೂ ಗೊತ್ತಿಲ್ಲದ ಒಬ್ಬ ಕೈದಿಯ ಹೆಸರು ಲೋಕಕ್ಕೆಲ್ಲ ಗೊತ್ತಾಯ್ತು. 2008ರ ಜುಲೈನಲ್ಲಿ ಯೂರೋಪಿಯನ್ ಪಾರ್ಲಿಮೆಂಟ್ ಶಿಕ್ಷೆ ಇಳಿಸಿ ಅಂತ ನಿರ್ಣಯ ಮಾಡ್ತು. ಪೋಪ್ ಕೇಳಿದ್ರು, ಡೆಸ್ಮಂಡ್ ಟುಟು ಕೇಳಿದ್ರು, ಮಾಜಿ ಅಧ್ಯಕ್ಷ ಕಾರ್ಟರ್ ಕೇಳಿದ್ರು. ಆರು ಲಕ್ಷಕ್ಕೂ ಹೆಚ್ಚು ಸಹಿ ಆಯ್ತು.

ನಮ್ಮೂರಿನ ಮನೆ ಜಗಳಕ್ಕೆ ಹೊರಗಿನೋರು ಯಾಕೆ ತಲೆ ಹಾಕ್ತಾರೆ ಅನ್ನೋ ಮಾತು ಅಲ್ಲೂ ಬಂತು. ಈ ಮಾತು ನಮಗೆ ಹೊಸದಾ? 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ ದಲಿತರು ಹೋಗಿ ಜಾತಿಯ ಬಗ್ಗೆಯೂ ಮಾತಾಡಿ ಅಂದ್ರೆ, ಅದು ನಮ್ಮ ಆಂತರಿಕ ವಿಷಯ ಅಂತ ಅಡ್ಡ ನಿಂತಿದ್ದು ನಮ್ಮ ಸರ್ಕಾರವೇ. ದೇಶದ ಮಾನ ಕಳೀತಾರೆ ಅಂತ ಆವತ್ತು ನಮ್ಮನ್ನ ಬೈದ್ರು. ಮನೆಯೊಳಗೆ ಮಾತು ಕೇಳಿಸ್ಕೊಂಡಿದ್ರೆ ಯಾರು ಬೀದಿಗೆ ಹೋಗ್ತಿದ್ರು? ಆವತ್ತು ಡರ್ಬನ್‌ಗೆ ಹೋದೋರನ್ನ ಸಮರ್ಥಿಸಿಕೊಂಡ ನಾವೇ ಇವತ್ತು "ಫಾರಿನ್ ಮಾತು" ಅಂತ ಬೈತಿದೀವಿ ಅಂದ್ರೆ ನಗು ಬರುತ್ತೆ.

ಟ್ರಾಯ್‌ಗೆ ನಾಲ್ಕು ಸಲ ಸಾಯೋ ದಿನ ಗೊತ್ತು ಮಾಡಿದ್ರು. 2007ರಲ್ಲಿ ಹಿಂದಿನ ದಿನ ತಪ್ಪಿತು. ಆಗ ಕ್ಷಮಾದಾನ ಮಂಡಳಿ ತಾನೇ ಬರೆದಿತ್ತು, ತಪ್ಪಿತಸ್ಥ ಅನ್ನೋದರಲ್ಲಿ ಸಂಶಯವೇ ಇಲ್ಲ ಅಂತ ನಮಗೆ ಮನವರಿಕೆ ಆಗೋವರೆಗೆ ಕೊಲ್ಲೋಕೆ ಬಿಡಲ್ಲ ಅಂತ. 2008ರ ಸೆಪ್ಟೆಂಬರ್‌ನಲ್ಲಿ ಎರಡು ಗಂಟೆಯೂ ಉಳಿದಿರಲಿಲ್ಲ, ತಪ್ಪಿತು. ಮುಂದಿನ ತಿಂಗಳು ಇನ್ನೊಂದು ಸಲ ತಪ್ಪಿತು. 2011ರ ಸೆಪ್ಟೆಂಬರ್ 21ಕ್ಕೆ ತಪ್ಪಲಿಲ್ಲ. ಸಂಜೆ ಏಳಕ್ಕೆ ಅಂತ ಇಟ್ಟು, ಮೂರು ಗಂಟೆಗೂ ಹೆಚ್ಚು ಕಾಯಿಸಿ, ರಾತ್ರಿ 11.08ಕ್ಕೆ ಇಂಜೆಕ್ಷನ್ ಕೊಟ್ಟು ಮುಗಿಸಿದ್ರು. ತಾಯಿ ಅದೇ ಏಪ್ರಿಲ್‌ನಲ್ಲಿ ತೀರ್ಕೊಂಡಿದ್ರು. ಅಕ್ಕ ಡಿಸೆಂಬರ್ 1ಕ್ಕೆ ಹೋದ್ರು. ಟ್ರಾಯ್ ನಿರಪರಾಧಿ ಅಂತ ಯಾವ ಕೋರ್ಟೂ ಹೇಳಿಲ್ಲ, ಸತ್ತ ಪೊಲೀಸಿನ ಮನೆಯೋರು ಇವನೇ ಕೊಂದೋನು ಅಂತ ಕೊನೆವರೆಗೂ ನಂಬಿದ್ರು. ಅದು ನಿಜ. ಇಷ್ಟು ಸಂಶಯ ಇಟ್ಕೊಂಡು ಕೊಂದರು ಅನ್ನೋದೂ ನಿಜ.

ಹಾಗಾದ್ರೆ ಅಷ್ಟು ಓಡಾಡಿ ಏನು ಸಿಕ್ತು ಅಂತೀರಾ? ತಮ್ಮನಿಗೆ ನಾಲ್ಕು ವರ್ಷ ಸಿಕ್ತು. ಇನ್ನೊಂದು ವಿಷಯ ಕೇಳಿ. ಸಾಯಿಸೋ ಇಂಜೆಕ್ಷನ್‌ಗೆ ಬಳಸ್ತಿದ್ದ ಥಯೋಪೆಂಟಾಲ್ ಔಷಧ ಆಗ ಅಮೆರಿಕದಲ್ಲಿ ಸಿಗದ ಹಾಗಾಗಿತ್ತು. ಜಾರ್ಜಿಯಾದೋರು ಲಂಡನ್ನಿನಿಂದ ತರಿಸಿದ್ರು, ಅದನ್ನ 2011ರ ಮಾರ್ಚ್‌ನಲ್ಲಿ ಅವರ ಕೇಂದ್ರದ ಅಧಿಕಾರಿಗಳೇ ಜಪ್ತಿ ಮಾಡಿದ್ರು. ನೆಬ್ರಾಸ್ಕಾ ರಾಜ್ಯಕ್ಕೆ ಎಲ್ಲಿಂದ ಹೋಗಿತ್ತು ಗೊತ್ತಾ? ನಮ್ಮ ಮುಂಬೈನಿಂದ! ವಿರೋಧ ಬಂದ ಮೇಲೆ ಆ ಕಂಪನಿ ಇನ್ನು ಮಾರಲ್ಲ ಅಂತು. ಟ್ರಾಯ್ ಸತ್ತ ಮೂರು ತಿಂಗಳಿಗೆ ಯೂರೋಪ್ ಒಕ್ಕೂಟ ಇಂಥ ಔಷಧದ ರಫ್ತಿಗೆ ಕಡಿವಾಣ ಹಾಕ್ತು. ಇದೆಲ್ಲ ಅಕ್ಕ ಒಬ್ಬರಿಂದ ಆಯ್ತು ಅನ್ನಲ್ಲ. ಹೊರದೇಶದಲ್ಲಿ ಆಡಿದ ಮಾತು ಗಾಳಿಗೆ ಹೋಗಲ್ಲ ಅಂತ ಮಾತ್ರ ಹೇಳ್ತಿದೀನಿ.

ಈಗ ಹಿರಿಯರ ಪ್ರಶ್ನೆಗೆ ಬರ್ತೀನಿ. ಟ್ರಾಯ್ ಸರಿ ಕಣಯ್ಯಾ, ನಮ್ಮನ್ನ ಕೊಲ್ಲೋ ಜಾತಿವಾದಿಗೂ ಗಲ್ಲು ಬೇಡ್ವಾ?

ಟ್ರಾಯ್ ಸತ್ತ ದಿನವೇ ಸಂಜೆ ಟೆಕ್ಸಾಸ್‌ನಲ್ಲಿ ಇನ್ನೊಬ್ಬನಿಗೆ ಇಂಜೆಕ್ಷನ್ ಕೊಟ್ಟರು. ಲಾರೆನ್ಸ್ ಬ್ರೂಯರ್, ಬಿಳಿಯ ಜನಾಂಗವಾದಿ. 1998ರಲ್ಲಿ ಜೇಮ್ಸ್ ಬರ್ಡ್ ಅನ್ನೋ ಕಪ್ಪು ಮನುಷ್ಯನನ್ನ ಗಾಡಿಯ ಹಿಂದೆ ಸರಪಳಿಯಲ್ಲಿ ಕಟ್ಟಿ ಎಳೆದು ಕೊಂದ ಮೂವರಲ್ಲಿ ಒಬ್ಬ. ನೀವು ಕೇಳೋ ಗಲ್ಲು ಅಂದ್ರೆ ಇದೇ. ಆದ್ರೆ ಇವನನ್ನ ಕೊಲ್ಲಬೇಡಿ ಅಂದೋರಲ್ಲಿ ಸತ್ತ ಬರ್ಡ್ ಅವರ ಸ್ವಂತ ಮಗನೂ ಇದ್ದ. ಇವನ ಮೇಲೆ ಕರುಣೆ ತೋರಿಸಿ ಅಂತ ನಾನು ಕೇಳಲ್ಲ, ನನಗಿಲ್ಲ. ಆದ್ರೆ ಬ್ರೂಯರ್‌ಗೆ ಅಂತ ಇಟ್ಟ ಮೇಜು ಟ್ರಾಯ್‌ಗೂ ಸಿದ್ಧವಾಗಿರುತ್ತೆ. ಒಬ್ಬನಿಗೆ ಮಾತ್ರ ಕೊಡಿ ಅಂತ ಅರ್ಜಿ ಹಾಕೋಕೆ ಆಗಲ್ಲ.

ಯಾರಿಗೆ ಹೆಚ್ಚು ಬೀಳುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಅದೇ ಜಾರ್ಜಿಯಾದ ಮೆಕ್‌ಕ್ಲೆಸ್ಕಿ ಅನ್ನೋ ಕಪ್ಪು ಕೈದಿಯ ಕೇಸಿನಲ್ಲಿ ಒಂದು ಅಧ್ಯಯನ ಇಟ್ಟರು. ಸತ್ತೋನು ಬಿಳಿಯನಾಗಿದ್ರೆ, ಕಪ್ಪು ಮನುಷ್ಯ ಸತ್ತಾಗಿಗಿಂತ ಮರಣದಂಡನೆ ಬೀಳೋ ಸಾಧ್ಯತೆ 4.3 ಪಟ್ಟು ಹೆಚ್ಚು ಅಂತ ಅದರಲ್ಲಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರಲ್ಲಿ, ಲೆಕ್ಕ ಏನೇ ಇರಲಿ, ನಿನ್ನ ಕೇಸಲ್ಲಿ ಭೇದ ಮಾಡಿದ್ದನ್ನ ತೋರಿಸು ಅಂತು. ಜೀವದ ಬೆಲೆ ಯಾರು ಸತ್ತರು ಅನ್ನೋದರ ಮೇಲೆ. ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಿಹಾರದ ಬಾರಾದಲ್ಲಿ 1992ರಲ್ಲಿ ಮೇಲ್ಜಾತಿಯೋರು ಸತ್ತಾಗ ಗಲ್ಲು ಖಾಯಂ ಆದ ನಾಲ್ವರಲ್ಲಿ ದಲಿತರಿದ್ರು. ಲಕ್ಷ್ಮಣಪುರ ಬಾಥೆಯಲ್ಲಿ 1997ರಲ್ಲಿ 58 ಜನ ದಲಿತರನ್ನ ಕೊಂದ ಕೇಸಿನಲ್ಲಿ 2013ರಲ್ಲಿ ಹೈಕೋರ್ಟ್ 26 ಜನರನ್ನೂ ಬಿಟ್ಟು ಕಳಿಸಿತು.

ನಮ್ಮ ಕಂಬಾಲಪಲ್ಲಿ ಮರೆತ್ರಾ? 2000ದ ಮಾರ್ಚ್, ಏಳು ಜನರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳೆಲ್ಲ ಬಿಡುಗಡೆ. ಸವಾನಾದಲ್ಲೂ ಸಾಕ್ಷಿಗಳು ತಿರುಗಿಬಿದ್ದರು, ಆದ್ರೂ ಕೊಂದರು. ಅಲ್ಲಿ ತೀರ್ಪಾದ ಮೇಲೆ ತಿರುಗಿದ್ದು, ಕಾನೂನಿನ ಪ್ರಕಾರ ಎರಡೂ ಒಂದೇ ಅಲ್ಲ, ಗೊತ್ತು. ಆದ್ರೆ ಸಾಕ್ಷಿ ಬಾಯಿ ಬದಲಾದಾಗ ಯಾರು ಮನೆಗೆ ಹೋದ್ರು, ಯಾರು ಸತ್ತರು ಅಂತ ನೋಡಿ.

ಮಹಾರಾಷ್ಟ್ರದ ಅಲೆಮಾರಿ ಸಮುದಾಯದ ಆರು ಜನ ಬಡವರ ಕತೆಯಂತೂ ನನ್ನ ನಿದ್ದೆ ಕೆಡಿಸಿದ್ದು. 2006ರಲ್ಲಿ ಕೆಳಕೋರ್ಟ್ ಆರೂ ಜನಕ್ಕೆ ಗಲ್ಲು ಅಂತು. ಹೈಕೋರ್ಟ್ ಮೂವರಿಗೆ ಜೀವಾವಧಿಗೆ ಇಳಿಸಿದ್ರೆ, 2009ರಲ್ಲಿ ಸುಪ್ರೀಂ ಕೋರ್ಟ್ ಅವರನ್ನೂ ಸೇರಿಸಿ ಆರಕ್ಕೂ ಗಲ್ಲು ಅಂತು. 2019ರ ಮಾರ್ಚ್ 5ರಂದು ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರ್ದೋಷಿಗಳು, ತಲಾ 5 ಲಕ್ಷ ಕೊಡಿ ಅಂತು. ಅವರಲ್ಲೊಬ್ಬ ಘಟನೆ ನಡೆದಾಗ ಇನ್ನೂ ಬಾಲಕ. ನಡುವೆ ಯಾವಾಗಲಾದ್ರೂ ಹಗ್ಗ ಎಳೆದಿದ್ರೆ 5 ಲಕ್ಷ ಯಾರ ಕೈಗೆ ಕೊಡ್ತಿದ್ರು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ಗಲ್ಲಿನ ಕೈದಿಗಳಲ್ಲಿ 76% ಹಿಂದುಳಿದೋರು, ದಲಿತರು, ಆದಿವಾಸಿಗಳು, ಧಾರ್ಮಿಕ ಅಲ್ಪಸಂಖ್ಯಾತರು. ಆ ಹಗ್ಗದ ಕೆಳಗೆ ನಿಂತಿರೋರು ನಮ್ಮೋರೇ ಕಣ್ರೀ.

ನಾನೇನು ಹುಟ್ಟಿದಾಗಿಂದ ಹೀಗೆ ಮಾತಾಡ್ತಿದ್ದೋನಲ್ಲ. 2008ರಲ್ಲಿ ಖೈರ್ಲಾಂಜಿ ಕೇಸಲ್ಲಿ ಆರು ಜನಕ್ಕೆ ಗಲ್ಲು ಅಂತ ಸುದ್ದಿ ಬಂದಾಗ ಕಚೇರಿಯಲ್ಲಿ ಮೈಸೂರ್‌ಪಾಕ್ ಹಂಚಿದೋನು ನಾನೇ. ತೀರ್ಪಿನಲ್ಲಿ ಏನಿದೆ ಅಂತ ಆಮೇಲೆ ತಿಳೀತು. ಭೋತಮಾಂಗೆ ಮನೆಯ ನಾಲ್ಕು ಜೀವ ತೆಗೆದಿದ್ದು ಜಾತಿ ಕಾರಣಕ್ಕಲ್ಲ, ದೌರ್ಜನ್ಯ ಕಾಯ್ದೆ ಅನ್ವಯಿಸಲ್ಲ ಅಂದಿತ್ತು ಕೋರ್ಟ್. ಹಗ್ಗ ಕೊಟ್ಟು ಜಾತಿಯನ್ನ ಕಾಗದದಿಂದ ಅಳಿಸಿಬಿಟ್ಟಿದ್ರು. ಎರಡು ವರ್ಷಕ್ಕೆ ಹೈಕೋರ್ಟ್‌ನಲ್ಲಿ ಹಗ್ಗವೂ ಹೋಯ್ತು. ನಾವು ಗಲ್ಲು ಗಲ್ಲು ಅಂತ ಕೂಗ್ತಿದ್ದಾಗ ನಿಜವಾಗಿ ಬೇಕಾಗಿದ್ದನ್ನ ಕೈಬಿಟ್ಟಿದ್ವಿ.

ಬಾಬಾಸಾಹೇಬರ ಫೋಟೋ ಹಿಡ್ಕೊಂಡು ಗಲ್ಲು ಕೇಳೋರಿಗೆ ಇನ್ನೊಂದು ಮಾತು. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ, ಮರಣದಂಡನೆ ಆದೋರಿಗೆಲ್ಲ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಕೊಡಬೇಕಾ ಅನ್ನೋ ಚರ್ಚೆ ಬಂದಾಗ, ಅದಕ್ಕಿಂತ ಮರಣದಂಡನೆಯನ್ನೇ ತೆಗೆಯೋದನ್ನ ನಾನು ಬೆಂಬಲಿಸ್ತೀನಿ ಅನ್ನೋ ಅರ್ಥದ ಮಾತಾಡಿದ್ದು ಅವರೇ. ಅವರದ್ದೂ ಹೊಟ್ಟೆ ತುಂಬಿದ ಮಾತಾ?

ಆ ತಾಯಿಯ ಮನೆಗೆ ನಾಳೆ ಸಂಜೆ ಹೋಗ್ತಿದೀನಿ. ಅವರು "ನೇಣು ಹಾಕ್ಸಪ್ಪಾ" ಅಂದ್ರೆ ನಾನು ವಾದ ಮಾಡಲ್ಲ, ಕೂತು ಕೇಳಿಸ್ಕೋತೀನಿ. ಅವರ ಸಂಕಟ ಅದು. ಆದ್ರೆ ಬ್ಯಾನರ್ ಬರೆಸೋರು ನಾವು. ಕೇಸಿಗೆ ದೌರ್ಜನ್ಯ ಕಾಯ್ದೆಯ ಯಾವ್ಯಾವ ಸೆಕ್ಷನ್ ಹಾಕಿದಾರೆ ಅಂತ ನಮ್ಮಲ್ಲಿ ಎಷ್ಟು ಜನ ಎಫ್‌ಐಆರ್ ಓದಿದೀವಿ? 60 ದಿನದೊಳಗೆ ಚಾರ್ಜ್‌ಶೀಟ್ ಆಗ್ಬೇಕು. 15ಎ ಪ್ರಕಾರ ಆ ಕುಟುಂಬಕ್ಕೆ, ಸಾಕ್ಷಿ ಹೇಳೋ ಇಬ್ಬರು ಪಕ್ಕದ ಮನೆಯೋರಿಗೆ ರಕ್ಷಣೆ ಸಿಗ್ಬೇಕು. ಅವರು ಇನ್ನೂ ಆ ಜಮೀನ್ದಾರನ ತೋಟಕ್ಕೇ ಕೂಲಿಗೆ ಹೋಗ್ತಿದಾರೆ, ನೆನಪಿರಲಿ.

ಮುಂದಿನ ಭಾನುವಾರ ಸಭೆಯಲ್ಲಿ ಬ್ಯಾನರಿನ ಆ ಸಾಲು ತೆಗೆದು ಈ ಎರಡು ಬೇಡಿಕೆ ಹಾಕೋಣ ಅಂತ ನಾನೇ ಪ್ರಸ್ತಾಪ ಇಡ್ತೀನಿ. ವಿರೋಧ ಇರೋರು ಬಂದು ಎದುರಿಗೇ ಹೇಳಿ. ಎಫ್‌ಐಆರ್ ಜೆರಾಕ್ಸ್ ಹತ್ತು ಪ್ರತಿ ಮಾಡಿಸಿ ತರ್ತೀನಿ.

ಜೈಭೀಮ್.