ಬೆಲೆ ಏರಲಿ, ಅಲ್ಲಿಯತನಕ ಕಂತು ಕಟ್ಟುವವರು ಯಾರು?

ಬೆಂಗಳೂರಿನ ಬಿಲ್ಡರ್‌ಗಳು ದುಬೈ, ಅಬುಧಾಬಿಯ ಹೋಟೆಲುಗಳಲ್ಲಿ ಆಗಾಗ ಪ್ರದರ್ಶನ ಏರ್ಪಡಿಸುತ್ತಾರೆ. ಬಣ್ಣದ ನಕ್ಷೆ, ಪುಟ್ಟ ಮಾದರಿ ಮನೆ, ಜತೆಗೊಂದು ಭರವಸೆ: ‘ಹತ್ತು ವರ್ಷದಲ್ಲಿ ಬೆಲೆ ದುಪ್ಪಟ್ಟು’. ಆ ಹತ್ತು ವರ್ಷ ಪ್ರತಿ ತಿಂಗಳೂ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಬಾಡಿಗೆಗೆಂದು ಕೊಳ್ಳುವ ಮನೆಯಿಂದ ಎರಡು ಬಗೆಯ ಲಾಭವಿದೆ. ಒಂದು, ತಿಂಗಳು ತಿಂಗಳು ಬರುವ ಬಾಡಿಗೆಯಲ್ಲಿ ಕಂತು, ಖರ್ಚು ಕಳೆದು ಉಳಿಯುವ ನಗದು. ಇನ್ನೊಂದು, ಮುಂದೆಂದೋ ಮಾರಿದಾಗ ಸಿಗುವ ಬೆಲೆ ಏರಿಕೆ. ಗಲ್ಫ್ ಕನ್ನಡಿಗರಾದ ನಾವು ಎರಡನೆಯದನ್ನೇ ನಂಬಿ ಮೊದಲನೆಯದನ್ನು ಮರೆಯುತ್ತಿದ್ದೇವೆ. ನಮ್ಮ ಪರಿಸ್ಥಿತಿಗೆ ಇದು ತಿರುವುಮುರುವಾದ ಲೆಕ್ಕ.

ಒಂದು ಉದಾಹರಣೆ ನೋಡೋಣ. ಒಂದು ಕೋಟಿ ರೂಪಾಯಿಯ ಫ್ಲ್ಯಾಟ್. ಕೈಯಿಂದ 25 ಲಕ್ಷ, ಮುದ್ರಾಂಕ ಶುಲ್ಕ ಮತ್ತು ನೋಂದಣಿಗೆ 7 ಲಕ್ಷ, ಉಳಿದ 75 ಲಕ್ಷ ಬ್ಯಾಂಕ್ ಸಾಲ. ಬಡ್ಡಿ ಶೇ 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 65,000 ರೂಪಾಯಿ. ಬಾಡಿಗೆ 28,000 ಎನ್ನೋಣ. ವರ್ಷಕ್ಕೊಂದು ತಿಂಗಳು ಮನೆ ಖಾಲಿ, ಆಸ್ತಿ ತೆರಿಗೆ, ಸುಣ್ಣ ಬಣ್ಣ, ನಲ್ಲಿ ರಿಪೇರಿ ಎಲ್ಲ ಕಳೆದರೆ ತಿಂಗಳಿಗೆ ನಿಲ್ಲುವುದು 22,500. ಉಳಿದ 42,500 ನಮ್ಮ ಸಂಬಳದಿಂದ ಹೋಗಬೇಕು. ಅಂದರೆ ಮೊದಲ ವರ್ಷವೇ ಐದು ಲಕ್ಷದ ಕೊರತೆ.

ಬಾಡಿಗೆ ವರ್ಷಕ್ಕೆ ಶೇ 5ರಂತೆ ಏರಿದರೂ ಹತ್ತು ವರ್ಷದಲ್ಲಿ ಹೀಗೆ ತುಂಬುವ ಹಣ ಸುಮಾರು 44 ಲಕ್ಷ. ಆಗಲೂ ಬ್ಯಾಂಕಿಗೆ 52 ಲಕ್ಷ ಬಾಕಿ. ಮೊದಲ 32 ಲಕ್ಷವನ್ನೂ ಆಮೇಲೆ ತುಂಬಿದ ಹಣವನ್ನೂ ಶೇ 6ರ ಎನ್‌ಆರ್‌ಇ ಠೇವಣಿಯಲ್ಲಿ ಇಟ್ಟಿದ್ದರೆ ಹತ್ತು ವರ್ಷಕ್ಕೆ 1 ಕೋಟಿ 18 ಲಕ್ಷ ಆಗುತ್ತಿತ್ತು. ಆ ಬಡ್ಡಿಗೆ ಭಾರತದಲ್ಲಿ ತೆರಿಗೆಯೂ ಇಲ್ಲ. ಬಿಲ್ಡರ್ ಹೇಳಿದಂತೆ ಮನೆ ಎರಡು ಕೋಟಿಗೆ ಹೋಯಿತು ಎಂದೇ ಭಾವಿಸಿ. ಸಾಲ ತೀರಿಸಿ, ಲಾಭದ ಮೇಲೆ ಶೇ 12.5 ತೆರಿಗೆ ಮತ್ತು ಅದರ ಮೇಲಿನ ಸರ್ಚಾರ್ಜ್, ಸೆಸ್ ಕಟ್ಟಿ, ದಲ್ಲಾಳಿಗೆ ಕೊಟ್ಟ ಮೇಲೆ ಠೇವಣಿಗಿಂತ ಹೆಚ್ಚಿಗೆ ಉಳಿಯುವುದು ಹೆಚ್ಚೆಂದರೆ 15 ಲಕ್ಷ. ಬೆಲೆ ದುಪ್ಪಟ್ಟಾಗದೆ 1 ಕೋಟಿ 70 ಲಕ್ಷಕ್ಕೆ ನಿಂತರೆ ಠೇವಣಿಯೇ ಮೇಲು.

ಇದರ ಮೇಲೆ ತೆರಿಗೆಯ ಇನ್ನೊಂದು ತೊಡಕು. ಮನೆ ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರರು ಬಾಡಿಗೆಯಲ್ಲಿ ಶೇ 31.2ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಇದಕ್ಕೆ ವಿನಾಯಿತಿ ಮಿತಿ ಇಲ್ಲ. 28,000ದಲ್ಲಿ 8,736 ಅಲ್ಲೇ ಕಡಿತ. ಸಾಲದ ಬಡ್ಡಿ ಕಳೆದರೆ ನಮಗೆ ಬರಬೇಕಾದ ತೆರಿಗೆ ಸೊನ್ನೆಯೇ ಇರಬಹುದು. ಆದರೆ ರಿಟರ್ನ್ಸ್ ಸಲ್ಲಿಸಿ ಆ ಹಣ ವಾಪಸ್ ಬರುವತನಕ ತಿಂಗಳ ಕಂತಿಗೆ ಅದು ಒದಗದು. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮೊದಲೇ ಪಡೆಯಲು ಅವಕಾಶವಿದೆ, ಪಡೆಯುವವರು ವಿರಳ. ಮನೆ ಮಾರುವಾಗಲೂ ಈ ಪ್ರಮಾಣಪತ್ರ ಇಲ್ಲದಿದ್ದರೆ ಖರೀದಿದಾರರು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೇ ಟಿಡಿಎಸ್ ಹಿಡಿಯುತ್ತಾರೆ.

ಸಂಬಳ ಬರುತ್ತಿರುವತನಕ ಇದೆಲ್ಲ ಸಹಿಸಬಹುದಾದ ಭಾರ. ಆದರೆ ಗಲ್ಫ್ ಸಂಬಳಕ್ಕೆ ಯಾವ ಖಾತರಿ? ಇಲ್ಲಿ ನಮಗೆ ಪಿಂಚಣಿ ಇಲ್ಲ. ಯುಎಇಯಲ್ಲಿ ಕೆಲಸ ಬಿಟ್ಟಾಗ ಸಿಗುವ ಗ್ರ್ಯಾಚುಟಿ ಸೇವೆಯ ಮೊದಲ ಐದು ವರ್ಷಗಳಿಗೆ ತಲಾ 21 ದಿನದ, ಆಮೇಲಿನ ವರ್ಷಗಳಿಗೆ ತಲಾ 30 ದಿನದ ಮೂಲ ವೇತನ. ವೀಸಾ ಕೆಲಸಕ್ಕೆ ಅಂಟಿಕೊಂಡಿದೆ. 2020ರಲ್ಲಿ ಇದರ ಬಿಸಿಯನ್ನು ನಾವು ಕಣ್ಣಾರೆ ಕಂಡೆವು. ಇತ್ತ ಸಂಬಳ ಕಡಿತ, ಕೆಲಸ ನಷ್ಟ. ಅತ್ತ ಐಟಿ ಉದ್ಯೋಗಿಗಳು ಮನೆಯಿಂದಲೇ ಕೆಲಸ ಎಂದು ಊರಿಗೆ ಹೊರಟು ಬೆಂಗಳೂರಿನ ಫ್ಲ್ಯಾಟುಗಳು ಖಾಲಿ. ಸಂಬಳ, ಬಾಡಿಗೆ ಎರಡೂ ಒಟ್ಟಿಗೇ ನಿಂತವು. ರಿಸರ್ವ್ ಬ್ಯಾಂಕ್ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಬಡ್ಡಿ ಬೆಳೆಯುತ್ತಲೇ ಇತ್ತು. ಇಂಥ ಹೊತ್ತಿನಲ್ಲಿ ಮನೆ ಮಾರಲು ಹೊರಟವರಿಗೆ ಕಾಗದದ ಮೇಲಿನ ಬೆಲೆ ಸಿಗುವುದಿಲ್ಲ. ಬೆಲೆ ಏರಿಕೆಯ ಲಾಭ ಕಾಯಬಲ್ಲವರಿಗೆ ಮಾತ್ರ. ಕಾಯಲು ಬೇಕಾದದ್ದು ನಗದು.

ಹಾಗೆಂದು ಬೆಲೆ ಏರಿಕೆ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಊರಂಚಿನಲ್ಲಿ ನಿವೇಶನ ಕೊಂಡು ಇಪ್ಪತ್ತು ವರ್ಷ ಸುಮ್ಮನಿದ್ದು ಗೆದ್ದವರು ನಮ್ಮ ನಡುವೆಯೇ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಉಳಿತಾಯದ ಹಣದಲ್ಲಿ ಕೊಂಡವರು. ತಿಂಗಳ ಕಂತಿನ ಕಾಟ ಇರಲಿಲ್ಲ. ಫ್ಲ್ಯಾಟಿನಲ್ಲಿ ಏರುವುದು ಮುಖ್ಯವಾಗಿ ನೆಲದ ಬೆಲೆ, ಅದರಲ್ಲಿ ನಮ್ಮ ಪಾಲು ಕಡಿಮೆ, ಕಟ್ಟಡವಂತೂ ಹಳತಾಗುತ್ತದೆ. ಇನ್ನು, ಬಾಡಿಗೆ ಹೆಚ್ಚು ಬರುತ್ತದೆಂದು ದುಬೈಯಲ್ಲೇ ಕೊಳ್ಳುವವರೂ ಇದ್ದಾರೆ. ಅಲ್ಲಿ 2008ರ ಬಳಿಕ ಒಮ್ಮೆ, 2014ರ ನಂತರ ಮತ್ತೊಮ್ಮೆ ಬೆಲೆ ಕುಸಿದದ್ದನ್ನು ಮರೆಯಬಾರದು. ಆದರೂ ಸಾಲವಿಲ್ಲದೆ ಬಾಡಿಗೆ ಪಡೆಯುತ್ತಿದ್ದವರು ಆ ಕುಸಿತವನ್ನು ದಾಟಿದರು.

ಹಾಗಾಗಿ ಮುಂಗಡ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಖರ್ಚು ಕಳೆದ ಬಾಡಿಗೆ ಎಷ್ಟು ಸಾಲವನ್ನು ಹೊರಬಲ್ಲದು? ಮೇಲಿನ ಲೆಕ್ಕದಲ್ಲಿ 22,500 ರೂಪಾಯಿ ಹೊರುವುದು 26 ಲಕ್ಷದ ಸಾಲವನ್ನು ಮಾತ್ರ, 75 ಲಕ್ಷವನ್ನಲ್ಲ. ಅದಕ್ಕಿಂತ ಹೆಚ್ಚು ಸಾಲ ಮಾಡುವುದಾದರೆ ಒಂದು ವರ್ಷದ ಕೊರತೆಯನ್ನು ಬೇರೆಯೇ ಠೇವಣಿಯಾಗಿ ತೆಗೆದಿಟ್ಟಿದ್ದೇವೆಯೇ? ಊರಿಗೆ ಮರಳುವ ವರ್ಷಕ್ಕೆ ಮೊದಲು ಸಾಲ ತೀರುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಧೈರ್ಯವಾಗಿ ಕೊಳ್ಳಬಹುದು. ಇಲ್ಲವಾದರೆ ಚಿಕ್ಕ ಮನೆ ನೋಡಬೇಕು, ಇಲ್ಲವೇ ಇನ್ನೆರಡು ವರ್ಷ ಉಳಿತಾಯ ಮಾಡಬೇಕು.

ನಾವೇ ವಾಸಿಸಲು ಕಟ್ಟುವ ಮನೆಯ ಮಾತು ಬೇರೆ. ಅದಕ್ಕೆ ಮನಸ್ಸಿನ ಲೆಕ್ಕವೂ ಇದೆ. ಬಾಡಿಗೆಯ ಮನೆ ಮಾತ್ರ ದುಡಿಯಲೆಂದೇ ಕೊಂಡದ್ದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ನಾಳಿನ ಬೆಲೆಯನ್ನು ನೆಚ್ಚಿ ಇಂದಿನ ಸಂಬಳವನ್ನೆಲ್ಲ ಅದಕ್ಕೇ ಸುರಿದರೆ, ಅದು ನಮಗಾಗಿ ದುಡಿಯುವ ಬದಲು ನಾವೇ ಅದಕ್ಕಾಗಿ ದುಡಿಯಬೇಕಾಗುತ್ತದೆ. ಮುಂದಿನ ಪ್ರದರ್ಶನಕ್ಕೆ ಹೋಗುವಾಗ ಕಿಸೆಯಲ್ಲಿ ಈ ಲೆಕ್ಕದ ಚೀಟಿಯೂ ಇರಲಿ.